ಒತ್ತಿ ಕಟ್ಟಿದ ಪುಸ್ತಕಗಳು

ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಗುವಿಗೆ ಒಂದು ಪುಸ್ತಕ ಬೇಕಾದರೆ, ಆ ಮಗು ಯಾರ ಬಾಗಿಲಿಗೆ ಹೋಗಿ ಕೇಳಬೇಕೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಶಾಲೆಗೆ ಹೋಗುವ ಮಗುವಿಗೆ ಶಾಲೆಯೇ ಬಾಗಿಲು. ಪುಸ್ತಕ ತಡವಾದರೆ ದೂರಲು ಮುಖ್ಯೋಪಾಧ್ಯಾಯರಿದ್ದಾರೆ, ಸಾಲ ಕೊಡಲು ಪಕ್ಕದ ಬೆಂಚಿನ ಗೆಳತಿ ಇದ್ದಾಳೆ. ಮನೆಯಲ್ಲಿ ಕಲಿಯುವ ಮಗುವಿಗೆ ಇರುವುದು ಅಪರಿಚಿತರ ಒಳ್ಳೆಯತನ ಒಂದೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಈ ಪ್ರಶ್ನೆಯನ್ನು ಹಲವು ಸಲ ಎತ್ತಿದ್ದೇನೆ. ಎದುರು ಪಕ್ಷದವರು ಕಾನೂನನ್ನು ಉದ್ಧರಿಸಿದರು, ನಾನು ನ್ಯಾಯವನ್ನು ಉದ್ಧರಿಸಿದೆ, ತೀರ್ಪುಗಾರರು ನಮ್ಮಿಬ್ಬರಿಗೂ ಅಂಕ ಕೊಟ್ಟು ಚಹಾ ಕುಡಿಯಲು ಹೋದರು. ಇಲ್ಲಿ ವಾದ ಹೂಡುವ ಆಸೆ ನನಗಿಲ್ಲ. ವಾದದಲ್ಲಿ ಗೆದ್ದು ನಾಚಿದ ಒಂದು ಬೇಸಿಗೆಯ ಕಥೆಯನ್ನು ಹೇಳುತ್ತೇನೆ. ಆಗ ನನಗೆ ಹನ್ನೊಂದು ವರ್ಷ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಾಗಾಗಿ ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆ ನನ್ನ ನೆನಪಿನಲ್ಲಿ ಉಳಿದಿರುವುದು ಅಂಗಾಲಿನ ಮತ್ತು ಅಂಗೈಯ ಮೂಲಕ. ಬೀದಿಯಿಂದ ಎರಡು ಮೆಟ್ಟಿಲು ಹತ್ತಿದರೆ ಕಲ್ಲಿನ ಹೊಸ್ತಿಲು. ಅದರ ನಡುಭಾಗ ತಲೆಮಾರುಗಳ ಕಾಲಿಗೆ ಸವೆದು ಬಟ್ಟಲಿನಂತೆ ತಗ್ಗಾಗಿತ್ತು. ಒಳಗೆ ಪಡಸಾಲೆ. ಅದರ ಫರಸಿ ಕಲ್ಲುಗಳು ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು; ಒಂದು ಕಲ್ಲು ಮಾತ್ರ ಅಲುಗಾಡುತ್ತಿತ್ತು, ಅದು 'ಟಕ್' ಎಂದರೆ ಅಡುಗೆಮನೆಗೆ ಇನ್ನು ನಾಲ್ಕು ಹೆಜ್ಜೆ ಎಂದು ನನಗೆ ತಿಳಿಯುತ್ತಿತ್ತು. ಗೋಡೆಯಲ್ಲಿ ಎರಡು ಗೂಡುಗಳು. ಒಂದರಲ್ಲಿ ವಿಭೂತಿ, ಇನ್ನೊಂದರಲ್ಲಿ ಅವ್ವನ ಫೋನು. ಆ ಫೋನಿನ ಗಾಜು ಒಡೆದಿದ್ದುದರಿಂದ ಅದರ ಮೇಲೆ ಬೆರಳಾಡಿಸಬಾರದೆಂದು ನನಗೆ ಕಟ್ಟಪ್ಪಣೆಯಿತ್ತು. ಅಡುಗೆಮನೆಯೇ ನನ್ನ ತರಗತಿ. ಅವ್ವ ರೊಟ್ಟಿ ಬಡಿಯುವ ಸದ್ದಿನ ಲೆಕ್ಕದಲ್ಲಿ ನಾನು ಮಗ್ಗಿ ಕಲಿತೆ. ಏಳರ ಮಗ್ಗಿಗೆ ಬಂದಾಗ ಅವಳ ಕೈ ತಾನಾಗಿ ನಿಧಾನವಾಗುತ್ತಿತ್ತು, ಏಕೆಂದರೆ ನಾನು ಏಳರಲ್ಲಿ ಎಡವುತ್ತಿದ್ದೆ. ಆ ದಿನಗಳಲ್ಲಿ ರೊಟ್ಟಿಗಳೂ ತುಸು ದಪ್ಪವಾಗುತ್ತಿದ್ದವು.

ಬ್ರೈಲ್ ಲಿಪಿಯನ್ನು ಅವ್ವ ಮೊದಲು ತಾನು ಕಲಿತು, ಆಮೇಲೆ ನನಗೆ ಕಲಿಸಿದಳು. ಆರು ಚುಕ್ಕಿಗಳ ಲಿಪಿ ಅದು. ಯಾವ ಚುಕ್ಕಿ ಉಬ್ಬಿದೆ, ಯಾವುದು ಇಲ್ಲ ಎಂಬುದರ ಮೇಲೆ ಅಕ್ಷರ ನಿಲ್ಲುತ್ತದೆ. ಅವಳು ಕಣಕದ ಉಂಡೆಯನ್ನು ಅಂಗೈಯಲ್ಲಿ ಚಪ್ಪಟೆ ಮಾಡಿ, ಅದರಲ್ಲಿ ಕಡಲೆಕಾಳು ಒತ್ತಿ ನನ್ನ ಮುಂದಿಡುತ್ತಿದ್ದಳು. ನಾನು ಓದಿದ ಅಕ್ಷರ ಸರಿಯಾಗಿದ್ದರೆ ಕಾಳು ನನ್ನ ಬಾಯಿಗೆ, ತಪ್ಪಿದರೆ ಮತ್ತೆ ಡಬ್ಬಿಗೆ. ಪುಸ್ತಕವೆಂಬುದು ಬಂದ ಮೇಲೆ ಒಂದು ನೇಮ ಹುಟ್ಟಿಕೊಂಡಿತು: ಓದುವ ಮುನ್ನ ಕೈ ತೊಳೆದು ಒರೆಸಿಕೊಳ್ಳಬೇಕು, ಉಗುರಿನ ಸಂದಿಯಲ್ಲೂ ಶೇಂಗಾ ಹಿಂಡಿಯ ಎಣ್ಣೆ ಇರಬಾರದು. ಪೂಜೆಗೆ ತೊಳೆಯುವುದಕ್ಕಿಂತ ಒಂದು ಚೊಂಬು ಹೆಚ್ಚು ನೀರು ನಮ್ಮ ಮನೆಯಲ್ಲಿ ಓದಿಗೆ ಖರ್ಚಾಗುತ್ತಿತ್ತು. ಈ ನೇಮ ಅಪ್ಪನಿಗೆ ಎಲ್ಲರಿಗಿಂತ ಕಠಿಣವಾಗಿ ಅನ್ವಯಿಸುತ್ತಿತ್ತು. ಅವನು ತಿಕೋಟಾದ ಒಂದು ಒಣದ್ರಾಕ್ಷಿ ಗೋದಾಮಿನಲ್ಲಿ ಡಬ್ಬಿ ತುಂಬುವವರ ಮೇಸ್ತ್ರಿ. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಎನ್ನುತ್ತೇವೆ. ಸಂಜೆಯ ಬಸ್ಸಿಗೆ ಅವನು ಮನೆಗೆ ಬಂದಾಗ, ಹೊಸ್ತಿಲು ದಾಟುವ ಮೊದಲೇ ಆ ಸಿಹಿ, ಹುಳಿ ಬೆರೆತ ವಾಸನೆ ಒಳಗೆ ಬರುತ್ತಿತ್ತು. ಅವನ ಬೆರಳುಗಳು ಒಂದಕ್ಕೊಂದು ಅಂಟುತ್ತಿದ್ದವು.

"ಮಣೂಕದ ಕೈ ಪುಸ್ತಕಕ್ಕ ತಾಗಸಬ್ಯಾಡ್ರಿ," ಎನ್ನುತ್ತಿದ್ದಳು ಅವ್ವ.

"ಮಗಳ ಗಲ್ಲಕ್ಕ ತಾಗಿಸಬಹುದೋ ಇಲ್ಲೋ?"

"ಗಲ್ಲ ತೊಳೀಬಹುದು. ಹಾಳಿ ತೊಳ್ಯಾಕ ಬರತೈತೇನ?"

ಅಪ್ಪ ಮುಂಗೈಯಿಂದ ನನ್ನ ಗಲ್ಲ ಸವರಿ ಬಚ್ಚಲಿಗೆ ಹೋಗುತ್ತಿದ್ದ.

ನಾನು ಮನೆಯಲ್ಲೇ ಕಲಿಯಬೇಕೆಂಬುದು ಅವ್ವನ ಹಟ. ನನ್ನಂಥವರ ವಸತಿ ಶಾಲೆ ದೂರದ ಜಿಲ್ಲೆಯಲ್ಲಿತ್ತು. ಆ ಶಾಲೆಗಳ ಬಗ್ಗೆ ನನಗೆ ದೂರಿಲ್ಲ. ನನ್ನ ಹಲವು ಗೆಳತಿಯರು ಅಲ್ಲಿಂದಲೇ ಬೆಳೆದು ಬಂದವರು. ಆದರೆ ಆ ವಯಸ್ಸಿನಲ್ಲಿ ನನಗೆ ಆ ಅಲುಗಾಡುವ ಕಲ್ಲು, ಆ ಹೊಸ್ತಿಲು, ರೊಟ್ಟಿಯ ಸದ್ದು ಇವುಗಳ ಹೊರಗೆ ನಾನೆಂಬುದು ಇರಲಿಲ್ಲ. ಹಾಸ್ಟೆಲ್ ಎಂಬ ಮಾತು ಕೇಳಿದರೆ ತಟ್ಟೆ ಬಿಟ್ಟೆದ್ದು ಹೊಸ್ತಿಲ ತಗ್ಗಿನಲ್ಲಿ ಹೋಗಿ ಕೂರುತ್ತಿದ್ದೆ. ಅಪ್ಪ ಕಲ್ಲು ಮನಸ್ಸಿನವನಲ್ಲ. ಅವನ ವಾದದಲ್ಲಿ ತೂಕವಿತ್ತು, ಅದೇ ನನಗೆ ಭಯ.

"ಅಲ್ಲಿ ಪುಸ್ತಕ ಅದಾವ, ಕಲಸೋರು ಅದಾರ," ಎಂದು ಅವನು ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದ. "ಇಲ್ಲಿ ಏನೈತಿ? ನಿನ್ನ ಕಣಕದ ಉಂಡಿ ಐತಿ. ಹತ್ತನೇ ಇಯತ್ತೆ ಪರೀಕ್ಷಾನೂ ಕಣಕದಾಗ ಬರಸ್ತಿ ಏನ?"

"ಪುಸ್ತಕ ಸಿಕ್ಕರ?" ಎಂದಳು ಅವ್ವ.

"ಸಿಕ್ಕರ ಮನ್ಯಾಗ ಇರಲಿ. ನಾ ಏನ ಮಗಳನ್ನ ಹೊರಗ ಹಾಕಾಕ ಕುಂತೇನೇನ? ಯಾವ ವರ್ಷ ಪುಸ್ತಕ ಸಿಗೂದಿಲ್ಲ, ಆ ಜೂನ್‌ಕ ಹಾಸ್ಟೆಲ್. ಅಷ್ಟ ನನ್ನ ಮಾತು."

ಅಂದಿನಿಂದ ಪುಸ್ತಕವೆಂದರೆ ನನ್ನ ಪಾಲಿಗೆ ಮನೆಯಲ್ಲಿ ಉಳಿಯುವ ಪರವಾನಗಿ. ಹೊಸ ಬ್ರೈಲ್ ಪುಸ್ತಕಗಳ ಬೆಲೆ ಕೇಳಿ ಅವ್ವ ಫೋನನ್ನು ಗೂಡಿನಲ್ಲಿಟ್ಟದ್ದು ನೆನಪಿದೆ. ಆಮೇಲೆ ಅವಳು ಹಳೆಯ ವಸ್ತು ಮಾರುವ ಜಾಲತಾಣಗಳನ್ನು ಜಾಲಾಡತೊಡಗಿದಳು. ರೊಟ್ಟಿ ಮುಗಿದು ಪಾತ್ರೆ ತೊಳೆಯುವ ನಡುವಿನ ಬಿಡುವಿನಲ್ಲಿ ಅವಳು ಜಾಹೀರಾತುಗಳನ್ನು ಒಂದೇ ರಾಗದಲ್ಲಿ ನನಗೆ ಓದಿ ಹೇಳುತ್ತಿದ್ದಳು. ಹಳೆಯ ಸೈಕಲ್ಲು, ಹಳೆಯ ತೊಟ್ಟಿಲು, ಹಳೆಯ ಗೈಡುಗಳು. ಬ್ರೈಲ್ ಎಂದು ಹುಡುಕಿದರೆ ಬರೀ ಮೌನ. ಕೊನೆಗೊಂದು ಸಿಕ್ಕಿತು. ಕಡಿಮೆ ಬೆಲೆ, ಒಳ್ಳೆಯ ಫೋಟೋ. ತರಿಸಿದಳು. ನಾನು ಕೈ ತೊಳೆದು, ಪಡಸಾಲೆಯಲ್ಲಿ ಕುಳಿತು, ಗಟ್ಟಿಯಾಗಿ ಓದತೊಡಗಿದೆ. ಅಕ್ಷರವೆಲ್ಲ ಸಲೀಸಾಗಿ ಬರುತ್ತಿತ್ತು, ಅರ್ಥ ಮಾತ್ರ ಒಂದೂ ಹತ್ತುತ್ತಿರಲಿಲ್ಲ. ನಮ್ಮ ದೇಶದ ಭಾಷೆಗಳಿಗೆಲ್ಲ ಬ್ರೈಲ್ ಚುಕ್ಕಿಗಳು ಬಹುಪಾಲು ಒಂದೇ. ಕನ್ನಡದ 'ಕ'ವೇ ಹಿಂದಿಗೂ 'ಕ'. ಪಕ್ಕದ ಮನೆಯ ನೂರಜಹಾನ್ ಖಾಲಾ ಶಾಲಾ ಸಮವಸ್ತ್ರ ಹೊಲಿಯುವವಳು. ನನ್ನ ಓದು ಕೇಳಿ ಅವಳ ಹೊಲಿಗೆ ಯಂತ್ರ ನಿಂತಿತು.

"ಏ ಬೇಟಿ, ಅದು ಹಿಂದಿ ಐತಿ," ಎಂದು ನಗುತ್ತ ಬಂದಳು. "ಡುಬ್ಬದ ಒಂಟಿ ಹೊಳಿ ದಾಟಾಕತ್ತೈತಿ. ನೀ ನೋಡಿದ್ರ ಗುಡ್ಯಾಗ ಮಂತ್ರಾ ಹೇಳಿದಂಗ ಹೇಳಾಕತ್ತಿ."

"ಮುಂದ ಏನ ಆತು ಖಾಲಾ, ಒಂಟಿದು?"

"ನೀ ಓದಿದ್ರ ತಾನ ನನಗ ಗೊತ್ತಾಗೂದು? ಓದು. ಅಕ್ಷರ ನಿಂದು, ಅರ್ಥ ನಂದು. ಅರ್ಧಾ ಅರ್ಧಾ ಪಾಲು."

ಆ ಪುಸ್ತಕವನ್ನು ನಾವಿಬ್ಬರೂ ಹೀಗೆ ಪಾಲಿಗೆ ಓದಿ ಮುಗಿಸಿದೆವು. ಜಾಹೀರಾತಿನಲ್ಲಿ ಭಾಷೆ ಯಾವುದೆಂದು ಬರೆದಿರಲಿಲ್ಲ ಎಂಬುದನ್ನು ಅವ್ವ ಮಾತ್ರ ಬಹಳ ದಿನ ಮರೆಯಲಿಲ್ಲ.

ಆ ಹುಡುಕಾಟದಲ್ಲೇ ಅವಳಿಗೆ ಫೋನಿನ ಒಂದು ಗುಂಪು ದೊರೆಯಿತು. ಮನೆಯಲ್ಲಿ ಮಕ್ಕಳಿಗೆ ಕಲಿಸುವ ತಾಯಂದಿರು ಓದಿ ಮುಗಿದ ಪುಸ್ತಕ, ನಕ್ಷೆ, ಲೆಕ್ಕದ ಚೌಕಟ್ಟುಗಳನ್ನು ಅಲ್ಲಿ ಕೈಬದಲು ಮಾಡುತ್ತಿದ್ದರು. ಬೇರೆ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರು ಅದನ್ನು ನಡೆಸುತ್ತಿದ್ದರು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಕನ್ನಡ ಬ್ರೈಲಿನ ಸೆಟ್ಟು ತರಗತಿಗೊಂದರಂತೆ ಮಾತ್ರ ಇತ್ತು, ಯಾರೋ ಪುಣ್ಯಾತ್ಮರು ಕೈಯಿಂದಲೇ ಚುಚ್ಚಿ ಬರೆದದ್ದು. ಅಲ್ಪ ಬೆಲೆ ಕೊಟ್ಟು ಒಂದು ಸೆಟ್ಟು ಪಡೆದವರು, ವರ್ಷ ಮುಗಿದ ಮೇಲೆ ಅದನ್ನು ಅಕ್ಕೋರು ಹೇಳಿದ ಮನೆಗೆ ಕಳಿಸಬೇಕು. ಅದು ಓದಲು ಬರುವಂತೆ ಅಲ್ಲಿಗೆ ತಲುಪಿದರೆ ಮಾತ್ರ ಮುಂದಿನ ತರಗತಿಯ ಸೆಟ್ಟು ನಮ್ಮ ಮನೆಗೆ. ಈ ನಿಯಮವನ್ನು ಅವರು ಎಂದೂ ಸಡಿಲಿಸುತ್ತಿರಲಿಲ್ಲ. ಸಡಿಲಿಸಿದ್ದರೆ ಆ ಸರಪಳಿ ಎಂದೋ ಕಡಿದುಹೋಗುತ್ತಿತ್ತೆಂದು ಈಗ ಬಲ್ಲೆ.

ಐದನೇ ತರಗತಿಯ ಸೆಟ್ಟಿನಲ್ಲಿ ಏಳು ದಪ್ಪ ಸಂಪುಟಗಳಿದ್ದವು. ಒಬ್ಬರು ಓದಿದ ಬ್ರೈಲ್ ಪುಸ್ತಕದಲ್ಲಿ ಆ ಒಬ್ಬರು ಉಳಿದಿರುತ್ತಾರೆ. ನನಗಿಂತ ಮುಂಚೆ ಓದಿದ ಮಗು ಎಲ್ಲಿ ಮತ್ತೆ ಮತ್ತೆ ಬೆರಳಾಡಿಸಿತ್ತೋ ಅಲ್ಲಿ ಚುಕ್ಕಿಗಳು ತುಸು ತಗ್ಗಿದ್ದವು. ಭಿನ್ನರಾಶಿಯ ಪಾಠದಲ್ಲಿ ಹಾಗೆ ತಗ್ಗಿದ್ದನ್ನು ಕಂಡು, ಆ ಮಗುವಿಗೂ ಇದು ಕಷ್ಟವಾಗಿತ್ತೆಂದು ನನಗೆ ಸಮಾಧಾನವಾಗುತ್ತಿತ್ತು. ಕಳ್ಳನನ್ನು ಹಿಡಿಯುವ ಒಂದು ಕಥೆಯ ಕೊನೆಯ ಹಾಳೆಯೂ ಸವೆದಿತ್ತು. ಅದು ಕಷ್ಟಕ್ಕಲ್ಲ, ಖುಷಿಗೆ. ಜೊತೆಗೆ ದಾರ ಅಂಟಿಸಿ ಮಾಡಿದ ರಾಜ್ಯದ ನಕ್ಷೆ ಇತ್ತು. ಕೃಷ್ಣಾ ನದಿ ದಪ್ಪ ದಾರ, ಭೀಮಾ ತೆಳು ದಾರ. ಆ ಮಗು ತನ್ನ ಊರಿರುವಲ್ಲಿ ಒಂದು ಹುಣಸೆಬೀಜ ಅಂಟಿಸಿತ್ತು. ನನ್ನ ಊರಿಗೂ ಗುರುತು ಬೇಕೆಂದಾಗ ಅಪ್ಪ ವಿಜಯಪುರದ ಮೇಲೆ ಒಂದು ಮಣೂಕ ಅಂಟಿಸಿದ. ಮೂರನೆಯ ದಿನ ಇರುವೆಗಳು ಬಂದು ವಿಜಯಪುರವನ್ನು ಹೊತ್ತುಕೊಂಡು ಹೋದವು.

ಮೇ ತಿಂಗಳು ಬಂತು. ನಮ್ಮ ಸೆಟ್ಟು ಬಬಲೇಶ್ವರಕ್ಕೆ ಹೋಗಬೇಕೆಂದು ಅಕ್ಕೋರು ತಿಳಿಸಿದರು. ಅಲ್ಲಿನ ಸುವರ್ಣಾ ಎಂಬ ಹುಡುಗಿ, ನನ್ನದೇ ವಯಸ್ಸಿನವಳು, ಎರಡು ವರ್ಷಗಳ ಹಿಂದೆ ಜ್ವರದಲ್ಲಿ ಕಣ್ಣು ಕಳೆದುಕೊಂಡು ಆಗಷ್ಟೇ ಬ್ರೈಲ್ ಕಲಿತಿದ್ದಳು. ಪುಸ್ತಕ ಕಟ್ಟುವ ದಿನ ಅಪ್ಪನಿಗೆ ರಜೆ. ನನ್ನ ಓದಿನಲ್ಲಿ ಅವನು ಅಲ್ಲಿಯವರೆಗೆ ಕೈ ಹಾಕಿರಲಿಲ್ಲ. ಅಂದು ತಾನಾಗಿ ಮುಂದೆ ಬಂದ.

"ಸರೀರಿ ಎಲ್ಲಾರೂ. ಪ್ಯಾಕಿಂಗ್ ಅಂದ್ರ ನನ್ನ ಕೆಲಸ."

ಅವನು ಅಂದು ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದ. ಗೋದಾಮಿನಿಂದ ತಂದಿದ್ದ ದೊಡ್ಡ ರಟ್ಟಿನ ಡಬ್ಬಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ. ಸಂಪುಟಗಳನ್ನು ಒಂದರ ಮೇಲೊಂದು ಮಲಗಿಸಿದ. ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ತಾನು ನಿಂತು, ಹಿಮ್ಮಡಿಯಿಂದ ಮೂಲೆ ಮೂಲೆಯನ್ನೂ ಒತ್ತಿದ. ಮಣೂಕ ಕಟ್ಟುವ ಕ್ರಮವೇ ಅದು. ಡಬ್ಬಿಯಲ್ಲಿ ಗಾಳಿ ಉಳಿದರೆ ಮಾಲು ಬೂಸಲು ಹಿಡಿಯುತ್ತದೆ, ಆದ್ದರಿಂದ ಉಸಿರಾಡಲು ಎಡೆಯಿಲ್ಲದಂತೆ ಒತ್ತಬೇಕು. ಇಪ್ಪತ್ತು ವರ್ಷ ಅವನ ಕೈ ಕಲಿತದ್ದು ಅದೊಂದನ್ನೇ. ಟೇಪು ಸುತ್ತಿದ ಮೇಲೂ ಬಸ್ಸಿಗೆ ಹಾಕುವವರೆಗೆ ಇರಲೆಂದು ಅದರ ಮೇಲೆ ರುಬ್ಬುಗುಂಡು ಹೇರಿದ.

"ನೋಡು ಗಂಗೂ, ಗಾಳಿ ಒಂದ ಎಳೀ ಉಳದಿಲ್ಲ. ಇದು ಸಮುದ್ರಾ ದಾಟಿ ಹೋದರೂ ಹಂಗ ಇರತೈತಿ."

ಅವನು ಹೆಸರು ಹಿಡಿದು ಕರೆದದ್ದೇ ನಾನು ಡಬ್ಬಿಯನ್ನು ತಟ್ಟಿ ನೋಡಿದೆ. ಕಲ್ಲು ತಟ್ಟಿದಂತಿತ್ತು. ನನಗೆ ಹೆಮ್ಮೆಯಾಯಿತು. ಅವ್ವ ಎರಡು ದಿನ ಬಿಟ್ಟು ಅದನ್ನು ಬಿಚ್ಚಿದಳು. ಸುವರ್ಣಾಳ ತಾಯಿಗೊಂದು ಪತ್ರ ಬರೆದಿದ್ದಳು, ಅದನ್ನು ಒಳಗಿಡಬೇಕಿತ್ತು. ಫೋಟೋ ತೆಗೆದು ಗುಂಪಿಗೆ ಹಾಕುವುದೂ ಬಾಕಿಯಿತ್ತು. ಕೊನೆಯ ಸಲ ಆ ಕಳ್ಳನ ಕಥೆ ಓದೋಣವೆಂದು ನಾನು ಕೈ ತೊಳೆದು ಬಂದು ಹಾಳೆಯ ಮೇಲೆ ಬೆರಳಿಟ್ಟೆ. ಕಥೆ ಇರಲಿಲ್ಲ.

"ಅವ್ವಾ, ಇದು ಖಾಲಿ ಹಾಳಿ."

"ಎಲ್ಲಿ ಖಾಲಿ ಬೇ? ಕಾಣಾಕತ್ತಾವಲ್ಲ, ಸಾಲಿಗೆ ಸಾಲು ಚುಕ್ಕಿ ಅದಾವ."

"ನಿನಗ ಕಾಣಾಕತ್ತಿರಬೇಕು. ನನ್ನ ಕೈಗೆ ಬರವಲ್ಲವು."

ಅವ್ವ ಕಣ್ಣು ಮುಚ್ಚಿ ತನ್ನ ಬೆರಳನ್ನು ಹಾಳೆಯ ಮೇಲೆ ಎಳೆದ ಸದ್ದು ಕೇಳಿಸಿತು. ಆಮೇಲೆ ಒಂದೊಂದಾಗಿ ಏಳೂ ಸಂಪುಟಗಳನ್ನು ತೆಗೆದು ನನ್ನ ಮುಂದಿಟ್ಟಳು. ಕೆಳಗಿನ ಮೂರು, ಚುಕ್ಕಿಗಳ ಉಬ್ಬೆಲ್ಲ ಒತ್ತಿಹೋಗಿ, ಫರಸಿ ಕಲ್ಲಿನಂತೆ ನುಣುಪಾಗಿದ್ದವು. ಮೇಲಿನ ನಾಲ್ಕರಲ್ಲಿ ಅಲ್ಲೊಂದು ಇಲ್ಲೊಂದು ಪದ ಉಸಿರು ಹಿಡಿದಿತ್ತು. ಅಪ್ಪ ಅಷ್ಟರಲ್ಲಿ ಕೆಲಸದಿಂದ ಬಂದು ಹೊಸ್ತಿಲಲ್ಲೇ ನಿಂತಿದ್ದ. ಅವನ ದನಿ ಬಂತು, ಯಾವುದೋ ಚಿಕ್ಕ ಹುಡುಗನ ದನಿಯಂತೆ.

"ಮಣೂಕ ಒತ್ತಲಿಲ್ಲಂದ್ರ ಕೆಡತಾವ. ಒತ್ತಿದ್ರ ಕೆಡೂದು ನನಗ ಗೊತ್ತಿದ್ದಿಲ್ಲ."

ಈಗ ನನ್ನ ಪಾಲಿನ ತಪ್ಪನ್ನು ಹೇಳಬೇಕು. ಅಕ್ಕೋರಿಗೆ ತಿಳಿಸೋಣವೆಂದು ಅವ್ವ ಫೋನು ತೆಗೆದುಕೊಂಡಳು. ತಿಳಿಸಿದರೆ ಆರನೇ ತರಗತಿಯ ಸೆಟ್ಟು ಬರುವುದಿಲ್ಲ, ಬಾರದಿದ್ದರೆ ಜೂನ್‌ನಲ್ಲಿ ಹಾಸ್ಟೆಲ್. ಈ ಎರಡು ಹೆಜ್ಜೆಯ ಲೆಕ್ಕ ನನಗೆ ಕ್ಷಣಮಾತ್ರದಲ್ಲಿ ಹೊಳೆಯಿತು. ನಾನು ಅವಳ ಸೆರಗು ಹಿಡಿದು ಕೂರಿಸಿ, ನನ್ನ ಜೀವನದ ಮೊದಲ ವಾದವನ್ನು ಮಂಡಿಸಿದೆ.

"ಹಳೇ ಪುಸ್ತಕ ಅಂದಮ್ಯಾಲ ಸವದಿರತಾವ ಅಂತ ಎಲ್ಲಾರಿಗೂ ಗೊತ್ತಿರತೈತವ್ವಾ. ಫೋಟೋದಾಗ ಚುಕ್ಕಿ ಕಾಣತಾವ, ಅಂದಮ್ಯಾಲ ನಾವು ಸುಳ್ಳಂತೂ ಹೇಳಿದಂಗಾಗಲಿಲ್ಲ. ಮತ್ತ ನಾವು ಹೇಳಿದ್ರ ಸುವರ್ಣಾಗ ಏನ ಹೊಸಾ ಪುಸ್ತಕ ಬರತಾವೇನ? ಆಕಿಗೂ ಇಲ್ಲ, ನನಗೂ ಇಲ್ಲ. ಇಬ್ಬರು ಕೆಡೂದಕಿಂತ ಒಬ್ಬಾಕಿ ಉಳದ್ರ ಚಲೋ ಅಲ್ಲೇನ?"

ಅವ್ವ ಫೋನನ್ನು ಮತ್ತೆ ಗೂಡಿನಲ್ಲಿಟ್ಟಳು. ತಾನೇ ಕೆಡಿಸಿದ ಅಪ್ಪ ಬಚ್ಚಲಿಗೆ ಹೋಗಿ ಕೈ ತೊಳೆಯತೊಡಗಿದ. ಅವ್ವ ಅಂದದ್ದು ಇಷ್ಟೇ:

"ಬಾಳ ಶಾಣ್ಯಾಕಿ ಆಗೀ ನೀ."

ಅದು ಹೊಗಳಿಕೆಯಲ್ಲವೆಂದು ತಿಳಿಯಲು ನನಗೆ ನಾಲ್ಕು ದಿನ ಬೇಕಾದವು. ಅವ್ವ ಫೋಟೋ ಹಾಕಿದಳು, ಡಬ್ಬಿ ಬಬಲೇಶ್ವರದ ಬಸ್ಸು ಹತ್ತಿತು, ಅಕ್ಕೋರು ಮೆಚ್ಚುಗೆಯ ಗುರುತು ಕಳಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ, ನಾವು ಝುಣಕ ರೊಟ್ಟಿ ಉಣ್ಣುತ್ತಿದ್ದಾಗ, ಸುವರ್ಣಾಳ ತಾಯಿ ಕಸ್ತೂರವ್ವನ ಫೋನು ಬಂತು. ಅವ್ವನ ಕೈಗೆ ಹಿಟ್ಟು ಅಂಟಿದ್ದುದರಿಂದ ಮಾತೆಲ್ಲ ಸ್ಪೀಕರಿನಲ್ಲಿ ಕೇಳಿಸಿತು.

"ಅಕ್ಕಾರ, ಪುಸ್ತಕ ಬಂದಾವ್ರಿ, ಬಾಳ ಉಪಕಾರ ಆತ್ರಿ. ಒಂದು ಮಾತು ಕೇಳಬೇಕಿತ್ರಿ. ನಮ್ಮ ಸುವರ್ಣಾನ ಬೆರಳ ಮಂದ ಅದಾವೇನೋ ಅನಸ್ತೈತ್ರಿ. ಎರಡು ದಿನ ಆತು, ಕೈ ಆಡಿಸಿದ್ದ ಆಡಿಸಿದ್ದು, ಒಂದು ಅಕ್ಷರಾ ಹತ್ತವಲ್ದು. ಬೆಚ್ಚನ ನೀರಾಗ ಅದ್ದಿಸೇನ್ರಿ, ಎಣ್ಣಿ ತಿಕ್ಕೇನ್ರಿ. ನಿಮ್ಮ ಹುಡಿಗಿ ಬೆರಳಿಗೆ ಏನರ ಹಚ್ಚತೀರೇನ್ರಿ?"

ಹಿಂದಿನಿಂದ ಒಂದು ಸಣ್ಣ ದನಿ ಕೇಳಿಸಿತು. "ಬಿಡವ್ವಾ, ನನಗ ಬರೂದಿಲ್ಲ ಅದು."

ನನ್ನ ಮೂರು ವಾದಗಳಲ್ಲಿ ಒಂದಕ್ಕೂ ಆ ದನಿಯ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ. ನಾನು ಪುಸ್ತಕದ ಬಗ್ಗೆ ಯೋಚಿಸಿದ್ದೆ, ನಿಯಮದ ಬಗ್ಗೆ, ಫೋಟೋದ ಬಗ್ಗೆ ಯೋಚಿಸಿದ್ದೆ. ಓದಲಾಗದ ಹುಡುಗಿ ಪುಸ್ತಕವನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತಾಳೆ ಎಂಬುದನ್ನು ಯೋಚಿಸಿರಲಿಲ್ಲ. ಕಣ್ಣಿನ ನಂತರ ಅವಳಿಗೆ ಉಳಿದದ್ದು ಬೆರಳು. ನಾನು ಅದನ್ನೂ ಕಸಿದಿದ್ದೆ.

"ಕಸ್ತೂರವ್ವಾರ," ಎಂದಳು ಅವ್ವ, "ಬೆರಳಿಗೆ ಏನೂ ಹಚ್ಚಬ್ಯಾಡ್ರಿ. ನಾಳಿ ಮುಂಜಾನಿ ನಾವ ಬರತೇವಿ."

ಮರುದಿನ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಮೂವರೂ ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋದೆವು. ನನ್ನ ಮಡಿಲಲ್ಲಿ ನಾನು ಬರೆಯುವ ಬ್ರೈಲ್ ಸ್ಲೇಟು ಇತ್ತು, ಸಾಲು ಸಾಲು ಕಿಂಡಿಗಳಿರುವ ಲೋಹದ ಪಟ್ಟಿ. ದಪ್ಪ ಹಾಳೆಯನ್ನು ಅದರೊಳಗೆ ಸಿಕ್ಕಿಸಿ, ದಬ್ಬಣದಂಥ ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಹಾಳೆ ಮಗುಚಿದಾಗ ಚುಕ್ಕಿಗಳು ಉಬ್ಬಿ, ಎಡದಿಂದ ಬಲಕ್ಕೆ ಓದಲು ಬರುತ್ತವೆ. ಅವರ ಮನೆಯ ಕಟ್ಟೆಯ ಮೇಲೆ ಸುವರ್ಣಾಳ ಪಕ್ಕ ಕುಳಿತು ಅವಳ ಕೈ ಹಿಡಿದೆ. ಎಣ್ಣೆಯಿಂದ ಜಾರುತ್ತಿತ್ತು, ತೋರುಬೆರಳ ತುದಿ ಉಜ್ಜಿ ಉಜ್ಜಿ ಬಿಸಿಯಾಗಿ ಊದಿತ್ತು. ನಾನು ಅವಳ ಕೈ ಒರೆಸಿ, ಹೊಸ ಹಾಳೆಯಲ್ಲಿ ಒಂದು ಪದ ಚುಚ್ಚಿ ಅವಳ ಬೆರಳ ಕೆಳಗಿಟ್ಟೆ. ಅವಳು ಬಹಳ ನಿಧಾನವಾಗಿ ಓದಿದಳು.

"ಸು... ವ... ಇದು ನನ್ನ ಹೆಸರು."

"ನಿನ್ನ ಬೆರಳು ಚಲೋ ಅದಾವ," ಎಂದೆ. "ನಾವು ಪುಸ್ತಕ ಕೆಡಿಸಿ ಕಳಿಸೇವಿ. ಕೆಟ್ಟಾವು ಅಂತ ಗೊತ್ತಿತ್ತು. ಹೇಳೂದು ಬ್ಯಾಡ, ಹಂಗ ಕಳಸೂನು ಅಂದಾಕಿ ನಾನ."

ಕಸ್ತೂರವ್ವನ ಬಳೆಯ ಸದ್ದು ನಿಂತಿತು.

"ಎರಡು ದಿನ ನಾ ಅತ್ತೇನಿ," ಎಂದಳು ಸುವರ್ಣಾ. ಮತ್ತೆ ಸೇರಿಸಿದಳು, "ಅವ್ವ ಎಣ್ಣಿ ತಿಕ್ಕಿ ತಿಕ್ಕಿ ಊಟದ ತಾಟ ಸುದ್ದಾ ಕೈಯಾಗ ನಿಂದ್ರವಲ್ದು."

ಮೊದಲು ನಕ್ಕವಳು ಕಸ್ತೂರವ್ವ, ಆಮೇಲೆ ಅವಳ ಮಗಳು. ಕ್ಷಮಿಸಿದೆನೆಂದು ಸುವರ್ಣಾ ಅಂದೂ ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಸ್ತೂರವ್ವ ನಮ್ಮನ್ನು ಉಣ್ಣದೆ ಹೋಗಗೊಡಲಿಲ್ಲ. ಬದನೆಕಾಯಿ ಎಣಗಾಯಿ, ಬಿಸಿ ರೊಟ್ಟಿ, ಕೆನೆ ಮೊಸರು. ಅಪ್ಪ ಮಾತ್ರ ತಟ್ಟೆ ಮುಟ್ಟದೆ, ಕೆಟ್ಟ ಸಂಪುಟವೊಂದನ್ನು ಬಾಗಿಲ ಬೆಳಕಿಗೆ ಒಯ್ದು ಹಾಳೆ ಮಗುಚುತ್ತಿದ್ದ. ನನಗೆ ಹಾಳೆಯ ಸರಪರ ಕೇಳಿಸುತ್ತಿತ್ತು.

"ಗಂಗೂ," ಎಂದು ಕರೆದ. "ಇದನ್ನ ಹಿಂದ ತಿರುವಿದ್ರ ಮೊನಿ ಚುಚ್ಚಿದ ಗುರ್ತು ಕಾಣಸ್ತಾವ. ಗುರ್ತು ನೋಡ್ಕೊಂಡ ಹಂಗ ಇನ್ನೊಂದು ಹಾಳಿ ಮ್ಯಾಲ ಚುಚ್ಚಿದ್ರ ಅಕ್ಷರಾ ಆಗತಾವೇನ?"

"ಆಗತಾವ ಅಪ್ಪಾ. ಬಲಗಡಿಯಿಂದ ಶುರು ಮಾಡಬೇಕು."

"ಹಂಗಾರ ನನಗ ಕಲಸು."

ಅವ್ವ ಅಂದೇ ಕಟ್ಟೆಯ ಮೇಲೆ ಕುಳಿತು ನಡೆದದ್ದನ್ನೆಲ್ಲ ಗುಂಪಿಗೆ ಬರೆದಳು. ಹಲಗೆ, ರುಬ್ಬುಗುಂಡು, ಗೊತ್ತಿದ್ದೂ ಕಳಿಸಿದ್ದು, ಒಂದನ್ನೂ ಬಿಡಲಿಲ್ಲ. ಬರೆದದ್ದನ್ನು ಕಳಿಸುವ ಮುನ್ನ ಗಟ್ಟಿಯಾಗಿ ಓದಿದಳು. ನನ್ನ ಮಾತಿನ ಭಾಗದಲ್ಲಿ 'ಮಗಳು ಹೇಳಿದಳು' ಎಂದಿರಲಿಲ್ಲ, 'ನಾವು ತೀರ್ಮಾನಿಸಿದೆವು' ಎಂದಿತ್ತು. ಅಕ್ಕೋರ ಉತ್ತರ ಸಂಜೆ ಬಂತು. ನಿಜ ಹೇಳಿದ್ದಕ್ಕೆ ಸಂತೋಷ, ಆದರೆ ನಿಯಮ ಎಲ್ಲರಿಗೂ ಒಂದೇ. ಆರನೇ ತರಗತಿಯ ಸೆಟ್ಟು ಈ ವರ್ಷ ಬೇರೆ ಮನೆಗೆ ಹೋಗುತ್ತದೆ. ಅವ್ವ ಅದನ್ನು ಓದಿ ಮುಗಿಸಿದಾಗ ನನಗೆ ಅಳು ಬರಲಿಲ್ಲ. ಅಪ್ಪ ತಂದಿಟ್ಟಿದ್ದ ಹಾಸ್ಟೆಲ್ಲಿನ ಅರ್ಜಿ ಗೂಡಿನಲ್ಲಿ ವಿಭೂತಿಯ ಪಕ್ಕದಲ್ಲಿತ್ತು; ಅಕ್ಕೋರ ತೀರ್ಮಾನ ನ್ಯಾಯವೆಂದೇ ಅನ್ನಿಸಿತು. ನ್ಯಾಯವೆನಿಸಿದ ಮಾತ್ರಕ್ಕೆ ನೋವು ಕಡಿಮೆಯಾಗುವುದಿಲ್ಲವೆಂಬುದೂ ಅಂದೇ ಗೊತ್ತಾಯಿತು.

ಕೆಟ್ಟ ಸಂಪುಟಗಳನ್ನು ನಾವು ವಾಪಸು ಹೊತ್ತು ತಂದೆವು; ಅಂದಿನಿಂದ ನಮ್ಮ ಮನೆಯ ಸಂಜೆಗಳು ಬದಲಾದವು. ಅಪ್ಪ ತಿಕೋಟಾದ ಬಸ್ಸಿಳಿದು ಬಂದು, ಸಾಬೂನಿನಿಂದ ಕೈ ತೊಳೆದು, ಬೆಳಕಿರುವವರೆಗೆ ಹೊಸ್ತಿಲ ಬಳಿ ಕುಳಿತು ಚುಚ್ಚುತ್ತಿದ್ದ. ಡಬ್ಬಿಗಳ ನಡುವೆ ಹಾಕುವ ದಪ್ಪ ಹಾಳೆಗಳನ್ನು ಗೋದಾಮಿನ ಮಾಲೀಕನನ್ನು ಕೇಳಿ ತಂದಿದ್ದ. ಅದು ಸಾಲದಾದಾಗ ಖಾಲಾ ಓಣಿಯ ಮನೆಮನೆಯಿಂದ ಹಳೆಯ ಕ್ಯಾಲೆಂಡರ್ ಕೂಡಿಸಿ ಕೊಟ್ಟಳು. ಮೊದಲ ವಾರ ಅವನ ಮೊನೆ ಹಾಳೆಯನ್ನು ಹರಿದು ಆಚೆ ಬರುತ್ತಿತ್ತು. ಒತ್ತಿ ಒತ್ತಿ ರೂಢಿಯಾದ ಹೆಬ್ಬೆರಳಿಗೆ ಹಗುರವಾಗುವುದನ್ನು ಕಲಿಸುವುದು ಸುಲಭವಾಗಿರಲಿಲ್ಲ. ಅವನು ಮುಗಿಸಿದ ಹಾಳೆಯನ್ನು ನಾನು ಓದಿ ಒಪ್ಪಿಗೆ ಕೊಡಬೇಕಿತ್ತು.

"ಇಲ್ಲಿ 'ಗಿಡ' ಇರಬೇಕು ಅಪ್ಪಾ, ನೀ 'ಗಡ' ಬರದಿ."

"ಗುರ್ತು ತಪ್ಪಿತೇನ?"

"ಹೌದು. ಇಕಾರ ಬಿಟ್ಟು ಗಿಡಾನ ಕಡದಿ."

"ನಮ್ಮ ಮಾಸ್ತರೂ ಹಿಂಗ ಅಂತಿದ್ರು ನನಗ," ಎಂದು ಅವನು ಮತ್ತೊಂದು ಹಾಳೆ ಸಿಕ್ಕಿಸುತ್ತಿದ್ದ.

ಹೀಗೆ ನಕಲು ಮಾಡುತ್ತಲೇ ಅವನಿಗೆ ಅಕ್ಷರಗಳು ಬಂದವು. ನಾನು ಬೇರೆ ಸ್ಲೇಟಿನಲ್ಲಿ, ಅವ್ವ ಚುಕ್ಕಿ ನೋಡಿ ಓದಿ ಹೇಳಿದ ಬೇರೆ ಪಾಠ ಬರೆಯುತ್ತಿದ್ದೆ. ಇಪ್ಪತ್ತು ಹಾಳೆ ಮುಗಿದ ಕೂಡಲೇ ಹೊಲಿದು, ಡಬ್ಬಿಯಲ್ಲಿ ನಿಲ್ಲಿಸಿ, ಬಬಲೇಶ್ವರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು.

"ಇಷ್ಟು ನಾಜೂಕ ಹಿಡದೀರಿ, ಏನ್ರಿ ಇದರಾಗ, ತತ್ತಿ ಏನ?" ಎಂದು ಕಂಡಕ್ಟರ್ ಒಮ್ಮೆ ಕೇಳಿದ.

"ತತ್ತಿ ಒಡದ್ರ ಇನ್ನೊಂದು ಸಿಗತೈತ್ರಿ," ಎಂದ ಅಪ್ಪ. "ಮ್ಯಾಲ ಏನೂ ಇಡಬ್ಯಾಡ್ರಿ."

ಸುವರ್ಣಾ ಒಂದೊಂದು ಕಟ್ಟು ಮುಗಿಸಿದಾಗಲೂ ಫೋನು ಮಾಡಿ, ಕಂಡ ತಪ್ಪುಗಳನ್ನು ಒಂದೂ ಬಿಡದೆ ಹೇಳುತ್ತಿದ್ದಳು. ಅವಳ ದನಿಯಲ್ಲಿ ಆಗ ಹೆದರಿಕೆ ಇರಲಿಲ್ಲ. ತಪ್ಪು ಹಾಳೆಯಲ್ಲಿದೆ ಎಂದು ಖಚಿತವಾಗಿ ಹೇಳಬಲ್ಲ ಹುಡುಗಿಯ ದನಿ ಅದು.

ಜೂನ್ ಬಂತು. ಅರ್ಜಿ ಕಳಿಸಲು ಕೊನೆಯ ವಾರ. ಒಂದು ಸೋಮವಾರ ಸಿದ್ಧೇಶ್ವರ ಗುಡಿಗೆ ಹೋಗಿ ಬಂದ ಅಪ್ಪ, ಪ್ರಸಾದದ ಜೊತೆ ಮತ್ತೇನನ್ನೋ ಅವ್ವನ ಮುಂದಿಟ್ಟ. ಹಳೆಯ ಕಾಗದದ, ತುಸು ಧೂಳಿನ ವಾಸನೆ ನನಗೆ ಬಂತು.

"ಏನ್ರಿ ಇವು?" ಎಂದಳು ಅವ್ವ.

"ಆರನೇ ಇಯತ್ತೆದ ಸಾದಾ ಪುಸ್ತಕ. ಗುಡಿ ಹತ್ತರ ಹಳೇ ಪುಸ್ತಕ ಮಾರತಾನಲ್ಲ, ಅವನ ಹತ್ತರ ತಂದೆ. ನೀ ಓದಿ ಹೇಳು. ನಾನೂ ಆಕೀನೂ ಚುಚ್ಚತೇವಿ."

"ಅರ್ಜಿ?"

ಅಪ್ಪ ಸ್ಲೇಟಿಗೆ ಹಾಳೆ ಸಿಕ್ಕಿಸುವ ಸದ್ದು ಕೇಳಿಸಿತು.

"ಮೊದಲ ಪಾಠ ಶುರು ಮಾಡು," ಎಂದ.

ನಾನು ಹತ್ತನೇ ತರಗತಿಯನ್ನು ಖಾಸಗಿಯಾಗಿ ಕಟ್ಟಿ ಪಾಸಾಗುವವರೆಗೂ ಆ ಮನೆಯಲ್ಲೇ ಉಳಿದೆ. ಅಪ್ಪನ ಕೈಬರಹದ ಸಂಪುಟಗಳು ಈಗ ಯಾವ ಜಿಲ್ಲೆಯ ಯಾವ ಮನೆಯಲ್ಲಿವೆಯೋ ತಿಳಿಯದು. ಮೊದಲ ಸಲ ಅವನ್ನು ಗುಂಪಿಗೆ ಹಾಕುವಾಗ ಅವ್ವ ಬರೆದ ಮೊದಲ ಸಾಲು ಮಾತ್ರ ನನಗೆ ಬಾಯಿಪಾಠ: ಎರಡನೆಯ ಸಂಪುಟದಲ್ಲಿ ನಾಲ್ಕು ಹಾಳೆ ಹರಿದಿವೆ, ಗಣಿತದ ಒಂದು ಪಾಠ ಇಲ್ಲ, ಬರೆದವರು ಹೊಸಬರು. ಆ ಸಾಲನ್ನು ಓದಿಯೂ ಮೂರು ಮನೆಗಳು ಅದನ್ನು ಬೇಡಿದವು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಮಕ್ಕಳು ಓದಿ ಮುಗಿಸಿದ ಪುಸ್ತಕ, ನಕ್ಷೆ, ಮಾದರಿ ಏನೇ ಇದ್ದರೂ ಅದನ್ನು ಈ ವಾರವೇ ಆನ್‌ಲೈನಿನ ಯಾವುದಾದರೂ ಹಂಚಿಕೆಯ ಗುಂಪಿಗೆ ಹಾಕಿ, ಬಡ ಮನೆಯೊಂದು ಕೊಳ್ಳಬಲ್ಲ ಬೆಲೆಗೆ ಕೊಡಿ. ಹಾಕುವಾಗ ಅದು ಯಾವ ಭಾಷೆಯದು, ಯಾವ ತರಗತಿಯದು, ಅದರಲ್ಲಿ ಏನು ಕೆಟ್ಟಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.